ಜೆಮ್‌ನಲ್ಲಿ 160 ಕುರ್ಚಿ: ಸರ್ಕಾರಿ ಖರೀದಿ ತಾಣದ ವಿಮರ್ಶೆ

ಐದಕ್ಕೆ ಮೂರೂವರೆ. ಅಂಕವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಜೆಮ್ ಎಂದರೆ ಸಾಕು, ಕಚೇರಿಯ ಖರೀದಿ ವಿಭಾಗದವರು ಒಂದು ಅಂಕ ಕೊಡಲೂ ಹಿಂದೆಮುಂದೆ ನೋಡುತ್ತಾರೆ, ಪತ್ರಿಕಾ ಪ್ರಕಟಣೆ ಓದಿದವರು ಐದಕ್ಕೆ ಐದೂ ಕೊಟ್ಟುಬಿಡುತ್ತಾರೆ. ಸರ್ಕಾರಿ ಇ-ಮಾರುಕಟ್ಟೆ ಎಂಬ ಈ ತಾಣ ಗಡಿಯಾರವನ್ನು ಚೆನ್ನಾಗಿ ಕಾಯುತ್ತದೆ, ದರದ ಲಕೋಟೆಯನ್ನೂ ಚೆನ್ನಾಗಿ ಕಾಯುತ್ತದೆ. ಏನು ಕೊಳ್ಳಬೇಕು ಎಂದು ಬರೆಯುವ ಕೈಯನ್ನು ಮಾತ್ರ ಅಷ್ಟಾಗಿ ಕಾಯುವುದಿಲ್ಲ. ದರ ತೆರೆದ ದಿನ ತಕರಾರು ಎದ್ದ ಬಿಡ್‌ಗಳನ್ನು, ಅಂದರೆ ಜೆಮ್‌ನ ಟೆಂಡರುಗಳನ್ನು, ಹಿಂದಕ್ಕೆ ಓದುತ್ತಾ ಹೋದರೆ, ಅವು ತಯಾರಾದ ದಿನವೇ ಕೆಟ್ಟಿದ್ದವು ಎಂಬುದು ಗೊತ್ತಾಗುತ್ತದೆ.

ಹಿನ್ನೆಲೆ ಎರಡು ಮಾತಿನಲ್ಲಿ ಮುಗಿಯುತ್ತದೆ. ಜೆಮ್ ಶುರುವಾದದ್ದು 2016ರ ಆಗಸ್ಟ್ 9ರಂದು. ಅಲ್ಲಿಯವರೆಗೆ ಕೇಂದ್ರದ ಕಚೇರಿಗಳಿಗೆ ದರ ಗುತ್ತಿಗೆ ಮಾಡಿಕೊಡುತ್ತಿದ್ದ ಡಿಜಿಎಸ್ ಅಂಡ್ ಡಿ ಎಂಬ ಕೇಂದ್ರ ಸಂಸ್ಥೆ ಮರುವರ್ಷದ ಅಕ್ಟೋಬರ್ ಕೊನೆಗೆ ಬಾಗಿಲು ಹಾಕಿತು. 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ, ಕಚೇರಿ ಭಾಷೆಯಲ್ಲಿ ಜಿಎಫ್‌ಆರ್‌ನಲ್ಲಿ, 149ನೇ ನಿಯಮ ಬಂದು ಕೂತಿತು: ಜೆಮ್‌ನಲ್ಲಿ ಸಿಗುವ ವಸ್ತು ಮತ್ತು ಸೇವೆಗಳನ್ನು ಕೇಂದ್ರ ಸಚಿವಾಲಯಗಳು, ಇಲಾಖೆಗಳು ಜೆಮ್‌ನಲ್ಲೇ ಕೊಳ್ಳಬೇಕು. ಹಾಗಾಗಿ ಉಳಿದ ವಿಮರ್ಶೆಗಳಂತೆ ಇಲ್ಲಿ "ಕೊಳ್ಳಬಹುದೇ, ಬೇಡವೇ" ಎಂಬ ಪ್ರಶ್ನೆಯೇ ಇಲ್ಲ. ಇದನ್ನೇ ಬಳಸಬೇಕು. ಹೇಗೆ ಬಳಸಿದರೆ ಆಡಿಟ್ ಪ್ಯಾರಾ, ಅಂದರೆ ಲೆಕ್ಕಪರಿಶೋಧಕರ ಆಕ್ಷೇಪ, ಬರುವುದಿಲ್ಲ, ಹೇಗೆ ಬಿಡ್ ಹಾಕಿದರೆ ಇಎಂಡಿ, ಅಂದರೆ ಬಿಡ್ ಜೊತೆ ಕಟ್ಟುವ ಠೇವಣಿ, ಸಿಕ್ಕಿಹಾಕಿಕೊಳ್ಳುವುದಿಲ್ಲ ಎಂಬಷ್ಟೇ ಮಾತು.

ರಾಜ್ಯ ಸರ್ಕಾರದ ಇಲಾಖೆ, ಪಂಚಾಯಿತಿ, ನಗರಸಭೆಗಳಲ್ಲಿ ಕೆಲಸ ಮಾಡುವವರು ಇಲ್ಲೇ ಒಂದು ಗೆರೆ ಎಳೆದುಕೊಳ್ಳಬೇಕು. ಅವರಿಗೆ ಅನ್ವಯಿಸುವುದು 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, ಎಲ್ಲರ ಬಾಯಲ್ಲಿ ಕೆಟಿಪಿಪಿ. ಅವರ ತಾಣ ಕೆಪಿಪಿಪಿ. ಎರಡನ್ನೂ ಕಲಸಿಕೊಂಡು "ಜೆಮ್‌ನಲ್ಲಿ ಇದ್ದರೆ ಟೆಂಡರ್ ಬೇಡ" ಎಂದು ಕಡತದಲ್ಲಿ ಟಿಪ್ಪಣಿ ಬರೆಯುವವರಿದ್ದಾರೆ. ಆ ಟಿಪ್ಪಣಿಗೆ ಸಹಿ ಹಾಕುವವರು ಎರಡು ಸಲ ಯೋಚಿಸುವುದು ಕ್ಷೇಮ.

ಮೂರು ಮೆಟ್ಟಿಲು, ಒಂದು ಕಳ್ಳದಾರಿ

ಕೇಂದ್ರದ ಒಂದು ಕಚೇರಿಗೆ ತಿರುಗುವ ಕುರ್ಚಿ 160 ಬೇಕು, ಒಂದಕ್ಕೆ ಅಂದಾಜು 7,500 ರೂಪಾಯಿ ಎಂದಿಟ್ಟುಕೊಳ್ಳೋಣ. ಒಟ್ಟು 12 ಲಕ್ಷ. ಜೆಮ್‌ನಲ್ಲಿ ಮೌಲ್ಯಕ್ಕೆ ತಕ್ಕಂತೆ ಮೂರು ಮೆಟ್ಟಿಲು. 50,000 ರೂಪಾಯಿವರೆಗೆ ಗುಣಮಟ್ಟ, ವಿವರ, ಪೂರೈಕೆ ಅವಧಿ ಹೊಂದುವ ಯಾವ ಮಾರಾಟಗಾರರಿಂದಲಾದರೂ ನೇರವಾಗಿ ಕೊಳ್ಳಬಹುದು. ಅಲ್ಲಿಂದ 10 ಲಕ್ಷದವರೆಗೆ ಕನಿಷ್ಠ ಮೂರು ಬೇರೆ ಬೇರೆ ತಯಾರಕರ, ಮೂರು ಬೇರೆ ಮಾರಾಟಗಾರರ ಉತ್ಪನ್ನ ಹೋಲಿಸಿ ಅತಿ ಕಡಿಮೆಯದನ್ನು, ಅಂದರೆ ಎಲ್-1 ಅನ್ನು ಆರಿಸಬೇಕು. 10 ಲಕ್ಷ ದಾಟಿದರೆ ಬಿಡ್ ಅಥವಾ ರಿವರ್ಸ್ ಆಕ್ಷನ್, ಅಂದರೆ ದರ ಇಳಿಸುತ್ತ ಹೋಗುವ ಹರಾಜು, ಕಡ್ಡಾಯ.

ನಮ್ಮ ಕುರ್ಚಿಗಳು ಮೂರನೇ ಮೆಟ್ಟಿಲಿನಲ್ಲಿವೆ. ಮಾರ್ಚ್ ಹತ್ತಿರ ಬಂದಾಗ ಯಾರೋ ಒಬ್ಬರು ಹೇಳಿಯೇ ಹೇಳುತ್ತಾರೆ: 80 ಈ ತಿಂಗಳು, 80 ಮುಂದಿನ ವಾರ, ತಲಾ 6 ಲಕ್ಷ, ಹೋಲಿಕೆಯಲ್ಲೇ ಮುಗಿಯಿತು. ಅಗತ್ಯವನ್ನು ತುಂಡು ಮಾಡಿ ಮೇಲಧಿಕಾರಿಯ ಮಂಜೂರಾತಿ ತಪ್ಪಿಸಬಾರದು ಎಂದು ಜಿಎಫ್‌ಆರ್ 157ನೇ ನಿಯಮ ಸ್ಪಷ್ಟವಾಗಿಯೇ ಹೇಳುತ್ತದೆ. ತಾಣ ಆ ಎರಡನೇ ಆದೇಶವನ್ನು ತಡೆಯದೇ ಹೋಗಬಹುದು, ಆದರೆ ಎರಡೂ ಆದೇಶಗಳ ದಿನಾಂಕ, ಸಂಖ್ಯೆ, ಅದೇ ವರ್ಗ, ಕನ್ಸೈನಿಯ, ಅಂದರೆ ಸರಕು ಪಡೆಯುವವರ, ಅದೇ ವಿಳಾಸ ಶಾಶ್ವತವಾಗಿ ಅಲ್ಲೇ ಕೂತಿರುತ್ತವೆ. ಆಡಿಟ್ ತಂಡಕ್ಕೆ ಹಿಂದೆ ಎರಡು ಬೀರು ತಡಕಾಡಬೇಕಿತ್ತು, ಈಗ ಒಂದು ಫಿಲ್ಟರ್ ಸಾಕು.

ಎರಡನೇ ಮೆಟ್ಟಿಲಿನಲ್ಲಿ ಇನ್ನೊಂದು ಎಡವಟ್ಟು ನಡೆಯುತ್ತದೆ. "ಮೂರು ಮಾರಾಟಗಾರರು" ಎಂದಷ್ಟೇ ಓದಿಕೊಂಡು, ಒಂದೇ ಬ್ರ್ಯಾಂಡಿನ ಮೂವರು ವಿತರಕರನ್ನು ಹೋಲಿಸಿ ಮುಗಿಸುವುದು. ತಯಾರಕರೂ ಬೇರೆಯಾಗಿರಬೇಕು. ಹೋಲಿಕೆ ಪಟ್ಟಿಯನ್ನು ಆ ದಿನವೇ ಇಳಿಸಿಕೊಂಡು ಕಡತಕ್ಕೆ ಹಾಕಿ, ಏಕೆಂದರೆ ಮಾರುಕಟ್ಟೆಯ ದರ ನಾಳೆ ಬೇರೆ ಇರುತ್ತದೆ. ಇನ್ನೊಂದು ಮಾತು: ದರ ಸಮಂಜಸವೇ ಎಂದು ನೋಡುವ ಹೊಣೆ ಖರೀದಿದಾರರದು. "ಜೆಮ್‌ನಲ್ಲಿ ಎಲ್-1 ಬಂದಿದೆ" ಎಂಬುದು ಅದಕ್ಕೆ ಉತ್ತರವಾಗುವುದಿಲ್ಲ. ಹೊರಗಿನ ಅಂಗಡಿಯಲ್ಲಿ 6,000ಕ್ಕೆ ಸಿಗುವ ಕುರ್ಚಿ ಇಲ್ಲಿ ಎಲ್-1 ಆಗಿ 8,200ಕ್ಕೆ ನಿಂತಿದ್ದರೆ, ಪ್ರಶ್ನೆ ಕೇಳುವುದು ತಾಣವನ್ನಲ್ಲ, ನಿಮ್ಮನ್ನು.

ವಿವರಣೆ ಬರೆಯುವ ಗಳಿಗೆ

ಈಗ ಬಿಡ್ ತಯಾರಿಸುವ ಪರದೆಗೆ ಬರೋಣ. ತಾಣದ ಅತ್ಯುತ್ತಮ ಭಾಗವೂ ಇದೇ, ಅತಿ ಹೆಚ್ಚು ದುರುಪಯೋಗವಾಗುವ ಭಾಗವೂ ಇದೇ. ವರ್ಗ ಆರಿಸಿದ ಕೂಡಲೇ ಕುರ್ಚಿಯ ಗುಣಲಕ್ಷಣಗಳು ಸಾಲಾಗಿ ಬರುತ್ತವೆ: ಬೆನ್ನಿನ ಎತ್ತರ, ತಳದ ವಸ್ತು, ತೋಳಿನ ಬಗೆ, ಗ್ಯಾಸ್ ಲಿಫ್ಟ್, ಹೊದಿಕೆ, ವಾರಂಟಿ. ಇವುಗಳಲ್ಲಿ ಕೆಲವು ಗೋಲ್ಡನ್ ಪ್ಯಾರಾಮೀಟರ್, ಅಂದರೆ ಹೊಂದಲೇಬೇಕಾದವು. ಮಾರಾಟಗಾರರ ಕ್ಯಾಟಲಾಗು ಅಲ್ಲಿ ಹೊಂದದಿದ್ದರೆ ಬಿಡ್ ಹಾಕುವ ಮಾತೇ ಇಲ್ಲ.

ಅಡ್ಡದಾರಿ ಹಿಡಿಯುವವರು, ಇಲ್ಲವೇ ಬರೀ ಸೋಮಾರಿಗಳು, ಮೊದಲು ಮನಸ್ಸಿಗೆ ಬಂದ ಒಂದು ಕುರ್ಚಿಯ ಪುಟ ತೆರೆದಿಟ್ಟುಕೊಂಡು ಅದರ ಪ್ರತಿಯೊಂದು ಅಳತೆಯನ್ನೂ ಬಿಡ್‌ಗೆ ನಕಲು ಮಾಡುತ್ತಾರೆ. ಆಸನದ ಅಗಲ 480 ಮಿಲಿಮೀಟರ್, ಬೆನ್ನಿನ ಎತ್ತರ 615 ಮಿಲಿಮೀಟರ್, ಇಂತಹ ಕರಾರುವಾಕ್ಕು ಅಂಕಿಗಳು ಬಿಡ್‌ನಲ್ಲಿ ಕಂಡರೆ ಅನುಭವಸ್ಥ ಮಾರಾಟಗಾರರು ಒಂದೇ ನೋಟಕ್ಕೆ ಯಾವ ಕಂಪನಿಯ ಯಾವ ಮಾದರಿ ಎಂದು ಹೇಳಬಲ್ಲರು. ಬ್ರ್ಯಾಂಡ್ ಹೆಸರು ಬರೆಯಬಾರದು ಎಂಬ ನಿಯಮ ಅಕ್ಷರಶಃ ಪಾಲನೆಯಾಗಿರುತ್ತದೆ. ನಿಯಮ ಚಾಪೆ ಕೆಳಗೆ ತೂರಿದರೆ ಇವರು ರಂಗೋಲಿ ಕೆಳಗೆ.

ಸರಿಯಾದ ಕ್ರಮ ಕಷ್ಟದ್ದೇನಲ್ಲ. ಕಾರ್ಯಕ್ಕೆ ಬೇಕಾದ ಕನಿಷ್ಠ ಅಳತೆ ಬರೆದು "ಅಥವಾ ಹೆಚ್ಚು" ಎಂದು ಬಿಡಬೇಕು, ವ್ಯಾಪ್ತಿ ಕೊಡಬೇಕು. ಭಾರತೀಯ ಮಾನಕ ಇದ್ದರೆ ಅದನ್ನೇ ಹಿಡಿಯಬೇಕು. ಕೆಲಸದ ಕುರ್ಚಿಗಳಿಗೆ ಐಎಸ್ 17631 ಇದೆ. ಮಾನಕ ಹಿಡಿದರೆ ಸ್ಥಿರತೆ, ಬಾಳಿಕೆ ಎಲ್ಲಕ್ಕೂ ಪರೀಕ್ಷೆ ಅದರೊಳಗೇ ಬರುತ್ತದೆ, ನೀವು ಗ್ಯಾಸ್ ಲಿಫ್ಟಿನ ದಪ್ಪ ಅಳೆಯುತ್ತ ಕೂರಬೇಕಿಲ್ಲ. ಬಿಡ್ ಪ್ರಕಟಿಸುವ ಮುನ್ನ ಅದೇ ಗುಣಲಕ್ಷಣಗಳನ್ನು ಮಾರುಕಟ್ಟೆ ಪುಟದ ಫಿಲ್ಟರ್‌ಗೆ ಹಾಕಿ ಎಷ್ಟು ತಯಾರಕರು ಉಳಿಯುತ್ತಾರೆ ಎಂದು ಎಣಿಸಿ. ಒಬ್ಬರೇ ಉಳಿದರೆ ವಿವರಣೆ ತಪ್ಪಿದೆ. ಇಬ್ಬರು ಉಳಿದರೂ ನನಗೆ ಸಮಾಧಾನವಿಲ್ಲ. ನಿಜಕ್ಕೂ ಒಂದೇ ಕಂಪನಿಯ ವಸ್ತು ಬೇಕಿದ್ದರೆ ಅದಕ್ಕೆ ಪಿಎಸಿ ಎಂಬ ಪ್ರತ್ಯೇಕ ಪ್ರಮಾಣಪತ್ರದ ದಾರಿ ಇದೆ. ಕಾರಣ ಬರೆದು, ಸಹಿ ಹಾಕಿ, ಹೊಣೆ ಹೊತ್ತು ಆ ದಾರಿಯಲ್ಲಿ ಹೋಗಲಿ. ಸ್ಪರ್ಧೆಯ ವೇಷ ಹಾಕಿಸಿ ಮಾಡುವುದಕ್ಕಿಂತ ಅದು ಮೇಲು.

ಎಟಿಸಿ ಎಂಬ ಹಿತ್ತಿಲು

ತಾಣದ ಅಚ್ಚಿನಲ್ಲಿ, ಅಂದರೆ ಸಿದ್ಧ ನಮೂನೆಯಲ್ಲಿ, ಮಾಡಲಾಗದ್ದನ್ನು ಮಾಡುವ ಜಾಗ ಹೆಚ್ಚುವರಿ ಶರತ್ತುಗಳ ಭಾಗ, ಎಲ್ಲರೂ ಕರೆಯುವುದು ಎಟಿಸಿ ಎಂದು. ಖರೀದಿದಾರರು ತಮ್ಮದೇ ಪಿಡಿಎಫ್ ಸೇರಿಸಬಹುದು. ಹಳೆಯ ಕಾಗದದ ಟೆಂಡರಿನಿಂದ 40 ಪುಟ ನಕಲು ಮಾಡಿ ಇಲ್ಲಿ ಅಂಟಿಸುವ ಅಭ್ಯಾಸ ಇನ್ನೂ ಹೋಗಿಲ್ಲ. ಆ 40 ಪುಟದಲ್ಲಿ ಇಎಂಡಿ ಒಂದು ಮೊತ್ತ, ಜೆಮ್ ಅಚ್ಚಿನಲ್ಲಿ ಇನ್ನೊಂದು. ಅಲ್ಲಿ ಪೂರೈಕೆ 30 ದಿನ, ಇಲ್ಲಿ 15. ಯಾವುದು ನಿಜ?

ಜೆಮ್ ಇದಕ್ಕೆ ಉತ್ತರ ಕೊಟ್ಟಿದೆ, ಪ್ರತಿ ಬಿಡ್ ದಾಖಲೆಯ ಕೊನೆಯಲ್ಲಿ ಅಚ್ಚಾಗಿಯೇ ಬರುತ್ತದೆ, ಓದುವವರು ಕಡಿಮೆ. ಅಲ್ಲಿ ಪಟ್ಟಿ ಮಾಡಿದ ಬಗೆಯ ಶರತ್ತುಗಳನ್ನು ಎಟಿಸಿಯಲ್ಲಿ ಹಾಕಿದರೆ ಅವು ಅನೂರ್ಜಿತ. ಬ್ರ್ಯಾಂಡ್, ಮಾದರಿ, ತಯಾರಕ ಅಥವಾ ಡೀಲರ್ ಹೆಸರು ಬರೆಯುವಂತಿಲ್ಲ. ಅರ್ಹತೆಗೆ ಕಾಗದದ ಪ್ರತಿ ತಂದುಕೊಡಿ ಎನ್ನುವಂತಿಲ್ಲ. ಬಿಡ್ ಜೊತೆಗೆ ಸ್ಯಾಂಪಲ್ ಕೇಳುವಂತಿಲ್ಲ. ನಿರ್ದಿಷ್ಟ ಸಂಸ್ಥೆಯಲ್ಲೇ ಕೆಲಸ ಮಾಡಿದ ಅನುಭವ ಬೇಕು ಎನ್ನುವಂತಿಲ್ಲ. ಭಾರತೀಯ ಮಾನಕ ಇರುವಾಗ ಸಮಾನವಾದದ್ದಕ್ಕೆ ಅವಕಾಶ ಕೊಡದೆ ವಿದೇಶಿ ಪ್ರಮಾಣಪತ್ರ ಕಡ್ಡಾಯ ಮಾಡುವಂತಿಲ್ಲ. ಟೆಂಡರ್ ಶುಲ್ಕ ಕೇಳುವಂತಿಲ್ಲ. ಹೊರಗಿನ ಜಾಲತಾಣದಲ್ಲಿರುವ ಶರತ್ತನ್ನು ನೋಡಿ ಎಂದು ತೋರಿಸುವಂತಿಲ್ಲ. ವಸ್ತುವಿಗೆ ಜೆಮ್‌ನಲ್ಲಿ ವರ್ಗ ಇದ್ದೂ ಅದನ್ನು ಬಿಟ್ಟು ತಮ್ಮದೇ ವಿವರಣೆಯ ಕಸ್ಟಮ್ ಬಿಡ್ ಮಾಡುವಂತಿಲ್ಲ, ಒಂದೇ ವಸ್ತುವಿಗೆ ಬಿಒಕ್ಯೂ, ಅಂದರೆ ಹಲವು ವಸ್ತುಗಳ ಪಟ್ಟಿಯ, ಬಿಡ್ ಮಾಡುವಂತಿಲ್ಲ. ಸಿವಿಲ್ ಕಾಮಗಾರಿಯನ್ನು ಸೇವೆ ಎಂದು ಕರೆದು ಇಲ್ಲಿ ತೂರಿಸುವಂತಿಲ್ಲ. ಖರೀದಿದಾರರೇ ಅಚ್ಚಿನಲ್ಲಿ ತುಂಬಿದ್ದಕ್ಕೆ ವಿರುದ್ಧವಾದ ಶರತ್ತೂ ನಿಲ್ಲದು.

ಇದನ್ನೆಲ್ಲ ಬರೆದಿಟ್ಟೂ ತಾಣ ಅಂಥ ಪಿಡಿಎಫ್ ಅನ್ನು ಒಳಗೆ ಬಿಟ್ಟುಕೊಳ್ಳುತ್ತದೆ ಎಂಬುದು ನನ್ನ ದೊಡ್ಡ ತಕರಾರು. ಅರ್ಧ ಅಂಕ ಇಲ್ಲೇ ಹೋಯಿತು. ಶರತ್ತು ಅನೂರ್ಜಿತ ಎಂದು ತಾಣ ಹೇಳುತ್ತದೆ, ಮೌಲ್ಯಮಾಪನ ಸಮಿತಿಯವರು ಅದೇ ಶರತ್ತಿನ ಮೇಲೆ ಬಿಡ್ ತಿರಸ್ಕರಿಸುತ್ತಾರೆ. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಎಂಬ ಸ್ಥಿತಿ.

ಆದರೆ ಮಾರಾಟಗಾರರ ಕೈಯಲ್ಲಿ ಒಂದು ಒಳ್ಳೆಯ ಅಸ್ತ್ರವೂ ಇದೆ. ಬಿಡ್ ಪ್ರಕಟವಾದ 4 ದಿನದೊಳಗೆ, ಸೆಲ್ಲರ್ ಡ್ಯಾಶ್‌ಬೋರ್ಡ್‌ನಲ್ಲಿ ಆ ಬಿಡ್‌ನ ವಿವರದೊಳಗಿನ ರೆಪ್ರೆಸೆಂಟೇಶನ್ ಕಿಂಡಿಯಲ್ಲಿ ಆಕ್ಷೇಪಣೆ ಹಾಕಬಹುದು. ಖರೀದಿದಾರರು ಪ್ರತಿಯೊಂದಕ್ಕೂ ಉತ್ತರಿಸಲೇಬೇಕು, ಉತ್ತರಿಸದಿದ್ದರೆ ಬಿಡ್ ತೆರೆಯಲು ತಾಣವೇ ಬಿಡುವುದಿಲ್ಲ. ಕಾಗದದ ಕಾಲದಲ್ಲಿ ಇಂಥ ಬೀಗ ಇರಲಿಲ್ಲ. ಆಕ್ಷೇಪಣೆ ಬರೆಯುವಾಗ "ಇದು ಅನ್ಯಾಯ" ಎಂದು ಬರೆದರೆ "ಅಗತ್ಯಕ್ಕೆ ತಕ್ಕಂತೆ ಶರತ್ತು ಹಾಕಲಾಗಿದೆ" ಎಂಬ ಒಂದು ಸಾಲು ವಾಪಸು ಬರುತ್ತದೆ. ಎಟಿಸಿಯ ಪುಟ, ಕಂಡಿಕೆ ಸಂಖ್ಯೆ, ಅದು ಅನೂರ್ಜಿತ ಪಟ್ಟಿಯ ಎಷ್ಟನೇ ಅಂಶಕ್ಕೆ ವಿರುದ್ಧ, ಬದಲಿಗೆ ಏನಿರಬೇಕು: ಈ ನಾಲ್ಕನ್ನು ನಾಲ್ಕೇ ಸಾಲಿನಲ್ಲಿ ಬರೆದರೆ ಉತ್ತರ ಬರೆಯುವವರಿಗೆ ನುಣುಚಿಕೊಳ್ಳುವುದು ಕಷ್ಟ. ಮುಂದೆ ಹೈಕೋರ್ಟ್‌ವರೆಗೆ ಹೋದರೂ "ಆಗ ಯಾಕೆ ಸುಮ್ಮನಿದ್ದಿರಿ" ಎಂಬ ಮೊದಲ ಪ್ರಶ್ನೆಗೆ ಇದೇ ಉತ್ತರ.

ಬಿಡ್ ಹಾಕುವವರು ಸೋಲುವ ಜಾಗಗಳು

ದರದಲ್ಲಿ ಸೋತರೆ ದುಃಖವಿಲ್ಲ. ದರದ ಲಕೋಟೆ ತೆರೆಯುವ ಮುಂಚೆಯೇ ಹೊರಬೀಳುವವರು ಬಹಳ.

ಜೆಮ್‌ನಲ್ಲಿ ಕೊಡುವ ದರ ಜಿಎಸ್‌ಟಿ, ಸಾಗಣೆ, ಇಳಿಸುವ ಖರ್ಚು ಎಲ್ಲ ಸೇರಿ ಕನ್ಸೈನಿಯ ಬಾಗಿಲಿಗೆ ತಲುಪಿಸುವ ದರ. ಹಳೆಯ ಕೊಟೇಶನ್ ಅಭ್ಯಾಸದಲ್ಲಿ "ಜಿಎಸ್‌ಟಿ ಪ್ರತ್ಯೇಕ" ಎಂದು ಮನಸ್ಸಿನಲ್ಲೇ ಅಂದುಕೊಂಡು ದರ ತುಂಬಿದವರಿಗೆ ಗುತ್ತಿಗೆ ಕೈಗೆ ಬಂದ ದಿನ ಲಾಭವೆಲ್ಲ ತೆರಿಗೆಗೆ ಹೋಗಿರುತ್ತದೆ. ಕಾಲಂ ಕೇಳುತ್ತಿರುವುದು ಒಂದು ನಗದ ದರವೋ ಒಟ್ಟು ಸಂಖ್ಯೆಯ ದರವೋ ಎಂದು ಓದದೆ, 160 ಕುರ್ಚಿಗೆ 7,000 ರೂಪಾಯಿ ಎಂದು ತುಂಬಿ ಎಲ್-1 ಆಗುವ ಮಹಾಶಯರೂ ಇದ್ದಾರೆ. ಹಿಂದೆ ಸರಿದರೆ ಇಎಂಡಿ ಹೋಗುತ್ತದೆ. ಇಎಂಡಿ ಜಿಎಫ್‌ಆರ್ 170ರ ಪ್ರಕಾರ ಅಂದಾಜು ಮೌಲ್ಯದ ಶೇ 2ರಿಂದ 5. ನಮ್ಮ 12 ಲಕ್ಷಕ್ಕೆ 24,000ದಿಂದ 60,000 ರೂಪಾಯಿ. ಅದರ ಸಿಂಧುತ್ವ ಬಿಡ್ ಸಿಂಧುತ್ವದ ಮೇಲೆ ಇನ್ನೂ 45 ದಿನ ಇರಬೇಕು. ಬ್ಯಾಂಕ್ ಗ್ಯಾರಂಟಿ ಮಾಡಿಸುವಾಗ ಆ 45 ದಿನ ಸೇರಿಸದೆ ಬಂದವರು ಮೊದಲ ಸುತ್ತಿನಲ್ಲೇ ಔಟ್.

ಅತಿ ಹೆಚ್ಚು ಗೊಂದಲ ಉದ್ಯಮ್ ಪ್ರಮಾಣಪತ್ರದ್ದು, ಅಂದರೆ ಸಣ್ಣ ಉದ್ಯಮಗಳ ನೋಂದಣಿ ಪತ್ರದ್ದು. ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ, ಅಂದರೆ ಎಂಎಸ್‌ಇಗಳಿಗೆ, ಇಎಂಡಿ ವಿನಾಯಿತಿ ಮತ್ತು ಖರೀದಿ ಆದ್ಯತೆ ಇದೆ. "ನಮ್ಮ ಹತ್ತಿರ ಉದ್ಯಮ್ ಇದೆ" ಎಂದು ಅಂಗಡಿಯವರೂ ಇಎಂಡಿ ಕಟ್ಟದೆ ಬಿಡ್ ಹಾಕುತ್ತಾರೆ. 2021ರ ಜುಲೈನಲ್ಲಿ ಸಗಟು ಮತ್ತು ಚಿಲ್ಲರೆ ವ್ಯಾಪಾರಿಗಳಿಗೆ ಉದ್ಯಮ್ ನೋಂದಣಿ ತೆರೆದಾಗಲೇ, ಅದರ ಪ್ರಯೋಜನ ಆದ್ಯತಾ ವಲಯದ ಸಾಲಕ್ಕೆ ಮಾತ್ರ ಎಂದು ಹೇಳಲಾಗಿತ್ತು. ಕುರ್ಚಿ ತಯಾರಿಸುವವರಿಗೆ ಸಿಗುವ ಸೌಲಭ್ಯ ಅದೇ ಕುರ್ಚಿ ಮಾರುವವರಿಗೆ ಇಲ್ಲ. ಅನುಮಾನವಿದ್ದರೆ ಇಎಂಡಿ ಕಟ್ಟಿಬಿಡುವುದು ಅಗ್ಗದ ವಿಮೆ.

ಅನುಭವ ಮತ್ತು ವಹಿವಾಟಿನ ವಿನಾಯಿತಿ ಬೇರೆ ವಿಷಯ. ಬಿಡ್‌ನ ಮೊದಲ ಪುಟದಲ್ಲೇ ಎಂಎಸ್‌ಇಗೆ ಇದೆಯೇ, ಸ್ಟಾರ್ಟಪ್‌ಗೆ ಇದೆಯೇ ಎಂದು ಎರಡು ಸಾಲು ಇರುತ್ತದೆ. "ಇಲ್ಲ" ಎಂದಿದ್ದರೆ ವಾದ ಮಾಡಬೇಕಾದ್ದು ಆ 4 ದಿನದಲ್ಲಿ, ತಿರಸ್ಕೃತರಾದ ಮೇಲಲ್ಲ. ಭಾರತದೊಂದಿಗೆ ಭೂಗಡಿ ಹಂಚಿಕೊಂಡ ದೇಶಗಳ ಬಿಡ್ಡರುಗಳ ಕುರಿತ ಜಿಎಫ್‌ಆರ್ 144(11)ನೇ ನಿಯಮದ ಘೋಷಣೆ, ಸ್ಥಳೀಯ ಅಂಶದ, ಅಂದರೆ ವಸ್ತುವಿನ ಮೌಲ್ಯದಲ್ಲಿ ದೇಶದೊಳಗಿನ ಪಾಲಿನ, ಶೇಕಡಾವಾರು ಘೋಷಣೆ, ಇವೆರಡು ಕಾಗದ ಮರೆತು ಸೋತವರ ಲೆಕ್ಕವಿಲ್ಲ. ಸ್ಥಳೀಯ ಅಂಶ ಶೇ 50 ಮತ್ತು ಮೇಲಿದ್ದರೆ ಮೊದಲ ದರ್ಜೆಯ ಸ್ಥಳೀಯ ಪೂರೈಕೆದಾರ, ಶೇ 20ರಿಂದ 50ರ ಒಳಗಿದ್ದರೆ ಎರಡನೇ ದರ್ಜೆ. ಬರೀ ಟಿಕ್ ಹಾಕಿದರೆ ಸಾಲದು, ಕೇಳಿದ ನಮೂನೆಯಲ್ಲಿ ಸಹಿಯಾದ ಪತ್ರ ಬೇಕು.

ತಾಂತ್ರಿಕ ಮೌಲ್ಯಮಾಪನ ನಡೆಯುವಾಗ ಖರೀದಿದಾರರು ಸ್ಪಷ್ಟನೆ ಕೇಳಬಹುದು. ಉತ್ತರಕ್ಕೆ ಎಷ್ಟು ದಿನ ಎಂದು ಬಿಡ್‌ನಲ್ಲೇ ಬರೆದಿರುತ್ತದೆ, ಸಾಮಾನ್ಯವಾಗಿ 2 ದಿನ. ಆ 2 ದಿನ ಶನಿವಾರ, ಭಾನುವಾರ ಬಂದರೂ ಗಡಿಯಾರ ನಿಲ್ಲದು. ನೋಂದಣಿಗೆ ಕೊಟ್ಟ ಮಿಂಚಂಚೆ ಎಂದೋ ಕೆಲಸ ಬಿಟ್ಟುಹೋದ ಹುಡುಗನದಾಗಿದ್ದರೆ ಕಥೆ ಅಲ್ಲಿಗೇ ಮುಗಿಯಿತು. ಬಿಡ್ ಹಾಕಿದ ದಿನದಿಂದ ದಿನಕ್ಕೆರಡು ಸಲ ಡ್ಯಾಶ್‌ಬೋರ್ಡ್ ನೋಡುವ ಒಬ್ಬರು ಬೇಕು. ತಾಂತ್ರಿಕವಾಗಿ ತಿರಸ್ಕೃತರಾದರೂ ಪ್ರಶ್ನಿಸಲು 48 ಗಂಟೆಯ ಕಿಂಡಿ ತೆರೆದಿರುತ್ತದೆ.

ಹೀಗೆ ಒಬ್ಬೊಬ್ಬರೇ ಉದುರಿ ಕೊನೆಗೆ ಒಬ್ಬರೇ ಉಳಿಯುವ ಬಿಡ್‌ಗಳೂ ಇರುತ್ತವೆ. ಅಳಿದೂರಿಗೆ ಉಳಿದವನೇ ಗೌಡ. ಅಲ್ಲಿ ದರ ತೆರೆಯುವ ಮುನ್ನ ಸಮಿತಿಯವರು ವಿವರಣೆ ಅತಿ ಬಿಗಿಯಾಗಿತ್ತೇ, ಪ್ರಚಾರ ಮತ್ತು ಕಾಲಾವಕಾಶ ಸಾಕಷ್ಟಿತ್ತೇ ಎಂದು ಬರೆದಿಟ್ಟರೆ ಆ ಒಂಟಿ ಬಿಡ್ ನಿಲ್ಲುತ್ತದೆ. ಬರೆಯದಿದ್ದರೆ ಅದೇ ಪ್ರಶ್ನೆ ಎರಡು ವರ್ಷ ಬಿಟ್ಟು ಆಡಿಟ್‌ನವರು ಕೇಳುತ್ತಾರೆ.

ರಿವರ್ಸ್ ಆಕ್ಷನ್: ನೋಡಲು ಚೆಂದ

ಬಿಡ್ ಜೊತೆಗೆ ರಿವರ್ಸ್ ಆಕ್ಷನ್ ಇದ್ದರೆ, ತಾಂತ್ರಿಕವಾಗಿ ಗೆದ್ದವರೆಲ್ಲ ಅದಕ್ಕೆ ಹೋಗುವುದಿಲ್ಲ. ಖರೀದಿದಾರರು ಮೊದಲೇ ಆರಿಸಿದ ಸೂತ್ರದಂತೆ, ಅತಿ ಹೆಚ್ಚು ದರದವರು ಹೊರಗೆ ಅಥವಾ ಕಡಿಮೆ ದರದ ಅರ್ಧದಷ್ಟು ಜನ ಒಳಗೆ. ಇದು ಗೊತ್ತಿಲ್ಲದೆ "ಆಕ್ಷನ್‌ನಲ್ಲಿ ಇಳಿಸೋಣ" ಎಂದು ಮೊದಲ ಲಕೋಟೆಯಲ್ಲಿ ದರ ಏರಿಸಿಟ್ಟವರು ಆಟಕ್ಕೆ ಮುಂಚೆಯೇ ಮೈದಾನದಿಂದ ಹೊರಗೆ.

ಪರದೆಯ ಮೇಲೆ ಹೆಸರಿಲ್ಲ, ಬರೀ ದರ. ಮುಕ್ತಾಯ 4 ಗಂಟೆಗೆ ಎಂದಿದ್ದರೆ ಮಧ್ಯಾಹ್ನವೆಲ್ಲ ಏನೂ ನಡೆಯುವುದಿಲ್ಲ. 3.52ಕ್ಕೆ ಯಾರೋ ಒಬ್ಬರು ಒಂದು ಮೆಟ್ಟಿಲು ಇಳಿಸುತ್ತಾರೆ. ಕೊನೆಯ 15 ನಿಮಿಷದಲ್ಲಿ ಹೊಸ ದರ ಬಂದರೆ ಅವಧಿ ಮತ್ತೆ 15 ನಿಮಿಷ ಮುಂದೆ ಹೋಗುತ್ತದೆ. ಹೀಗೆ 4 ಗಂಟೆಯ ಆಟ ಸಂಜೆ 7ರವರೆಗೆ ಎಳೆದುಕೊಂಡು ಹೋಗಬಹುದು. ತನ್ನ ಅಸಲಿ ಖರ್ಚು ಎಷ್ಟು, ಎಲ್ಲಿ ನಿಲ್ಲಬೇಕು ಎಂದು ಬೆಳಿಗ್ಗೆಯೇ ಚೀಟಿಯಲ್ಲಿ ಬರೆದಿಟ್ಟುಕೊಂಡವರಷ್ಟೇ ನಿಲ್ಲುತ್ತಾರೆ. ಉಳಿದವರು ಎದುರಿನವರನ್ನು ಸೋಲಿಸುವ ಹುರುಪಿನಲ್ಲಿ ತಮ್ಮನ್ನೇ ಸೋಲಿಸಿಕೊಳ್ಳುತ್ತಾರೆ, ಆಮೇಲೆ ಅದರ ಸೇಡನ್ನು ಕುರ್ಚಿಯ ಫೋಮಿನ ಮೇಲೆ ತೀರಿಸುತ್ತಾರೆ. ಪೆನ್ನು, ಕಾಗದ, ಟೋನರ್‌ನಂಥ ವಸ್ತುಗಳಿಗೆ ರಿವರ್ಸ್ ಆಕ್ಷನ್ ಸರಿ. ಬಾಳಿಕೆ ಮುಖ್ಯವಾದ ವಸ್ತುಗಳಿಗೆ ಹಾಕಿದ ಖರೀದಿದಾರರು ಉಳಿಸಿದ ಹಣವನ್ನು ದುರಸ್ತಿಗೆ ಎತ್ತಿಟ್ಟುಕೊಳ್ಳಲಿ.

ಎಂಎಸ್‌ಇ ಆದ್ಯತೆಯ ಲೆಕ್ಕ ಹೀಗೆ. ಎಂಎಸ್‌ಇ ಅಲ್ಲದ ಎಲ್-1 ದರ 11,20,000. ಅದರ ಮೇಲೆ ಶೇ 15 ಎಂದರೆ 12,88,000. 12,60,000 ಕೊಟ್ಟ ಒಬ್ಬ ತಯಾರಕ ಎಂಎಸ್‌ಇ ಈ ಪಟ್ಟಿಯೊಳಗಿದ್ದಾರೆ. ಎಲ್-1 ದರಕ್ಕೆ ಇಳಿಯಲು ಒಪ್ಪಿದರೆ ಶೇ 25, ಅಂದರೆ 40 ಕುರ್ಚಿ, 2,80,000 ರೂಪಾಯಿಗೆ ಅವರಿಗೆ. ತಮ್ಮದೇ ದರಕ್ಕೆ ಸಿಗುತ್ತದೆ ಎಂದುಕೊಂಡು ಬಂದವರು ಇಲ್ಲಿ ಬೇಸರಪಡುತ್ತಾರೆ.

ಸರಕು ಬಂದ ಮೇಲೆ

ಗುತ್ತಿಗೆ ತಾನಾಗಿ ತಯಾರಾಗುತ್ತದೆ, ಇದು ನಿಜಕ್ಕೂ ಸುಖ. ಇ-ಸಹಿ ಸಾಕು. 10 ಲಕ್ಷ ದಾಟಿದ ಆದೇಶಕ್ಕೆ ಮಾರಾಟಗಾರರು ಶೇ 0.30 ವಹಿವಾಟು ಶುಲ್ಕ ಕಟ್ಟಬೇಕು. 2024ರಲ್ಲಿ ಶುಲ್ಕ ಇಳಿದ ಮೇಲಿನ ಲೆಕ್ಕ ಇದು. 11,20,000ಕ್ಕೆ 3,360 ರೂಪಾಯಿ, ತೆರಿಗೆ ಬೇರೆ. 10 ಲಕ್ಷದವರೆಗೆ ಏನೂ ಇಲ್ಲ. ದರ ಹಾಕುವಾಗಲೇ ಇದನ್ನು ಸೇರಿಸಿಕೊಂಡಿರಬೇಕು. ಸಂಖ್ಯೆಯನ್ನು ಶೇ 25ರಷ್ಟು ಹೆಚ್ಚಿಸುವ ಅವಕಾಶವನ್ನು ಖರೀದಿದಾರರು ಉಳಿಸಿಕೊಂಡಿದ್ದರೆ 160 ಹೋಗಿ 200 ಆಗಬಹುದು, ಅದೇ ದರಕ್ಕೆ. ತಡವಾದರೆ ವಾರಕ್ಕೆ ಶೇ 0.5, ಗರಿಷ್ಠ ಶೇ 10 ದಂಡ, ವಾರದ ಒಂದು ದಿನ ತಡವಾದರೂ ಪೂರ್ತಿ ವಾರದ ಲೆಕ್ಕ.

ಕುರ್ಚಿ ಬಂದಿಳಿದ ಮೇಲೆ ಎರಡು ಕಾಗದ. ಮೊದಲು ತಾತ್ಕಾಲಿಕ ಸ್ವೀಕೃತಿ, ಅಂದರೆ ಪಿಆರ್‌ಸಿ, 48 ಗಂಟೆಯೊಳಗೆ. ಇದು "ಸರಕು ಬಂದಿದೆ" ಎಂದಷ್ಟೇ. ಪರೀಕ್ಷಿಸಿ ಒಪ್ಪಿದ ಮೇಲೆ ಅಂತಿಮ ಸ್ವೀಕೃತಿ, ಅಂದರೆ ಸಿಆರ್‌ಎಸಿ, ಅದಕ್ಕೆ 10 ದಿನ. ಕನ್ಸೈನಿ ಸುಮ್ಮನೆ ಕೂತರೆ ತಾಣವೇ ಒಪ್ಪಿಗೆ ಕೊಟ್ಟುಬಿಡುತ್ತದೆ. ಇದು ಸಣ್ಣ ಮಾರಾಟಗಾರರಿಗೆ ವರ, ಅಜಾಗರೂಕ ಕಚೇರಿಗೆ ಶಾಪ. ಪೆಟ್ಟಿಗೆ ಬಿಚ್ಚದೆ ಉಗ್ರಾಣದಲ್ಲಿ ಪೇರಿಸಿಟ್ಟು, ಹನ್ನೆರಡನೇ ದಿನ ತೆರೆದು ಗಾಲಿ ಮುರಿದದ್ದನ್ನು ಕಂಡರೆ ತಿರಸ್ಕರಿಸುವ ಗುಂಡಿ ಮಾಯವಾಗಿರುತ್ತದೆ. ಉಳಿಯುವುದು ವಾರಂಟಿ ಮಾತ್ರ. ಬಂದ ದಿನವೇ ಪ್ರತಿ ಹತ್ತಕ್ಕೆ ಒಂದನ್ನು ಜೋಡಿಸಿ, ಕೂತು, ತಿರುಗಿಸಿ, ಪೂರ್ತಿ ಎತ್ತರಕ್ಕೆ ಏರಿಸಿ ಹಾಗೇ ರಾತ್ರಿ ಬಿಡಿ. ಗ್ಯಾಸ್ ಲಿಫ್ಟ್ ಸೋರುತ್ತಿದ್ದರೆ ಬೆಳಿಗ್ಗೆ ಕುರ್ಚಿ ಕುಗ್ಗಿರುತ್ತದೆ.

ಕನ್ಸೈನಿಗೆ ವರ್ಗಾವಣೆಯಾದರೆ ಇನ್ನೊಂದು ರಗಳೆ. ಅವರ ಖಾತೆ ಅವರ ಆಧಾರ್‌ಗೆ, ಮೊಬೈಲ್‌ಗೆ ಕಟ್ಟಿಕೊಂಡಿರುತ್ತದೆ. ಪ್ರೈಮರಿ ಯೂಸರ್, ಅಂದರೆ ಕಚೇರಿಯ ಮುಖ್ಯ ಖಾತೆದಾರರು, ಬಾಕಿ ಆದೇಶಗಳನ್ನು ಹೊಸಬರಿಗೆ ವರ್ಗಾಯಿಸುವ ಮುನ್ನವೇ ಹಳಬರು ಕಾರ್ಯಮುಕ್ತರಾದರೆ, ಒಟಿಪಿಗಾಗಿ ಬೇರೆ ಊರಿಗೆ ಫೋನ್ ಮಾಡುವ ಕಾಲ ಬರುತ್ತದೆ. ಕಾರ್ಯಮುಕ್ತಿ ಪತ್ರದ ಪಟ್ಟಿಯಲ್ಲಿ "ಜೆಮ್ ಬಾಕಿ: ಇಲ್ಲ" ಎಂಬ ಒಂದು ಸಾಲು ಸೇರಿಸಿದ ಕಚೇರಿಗಳು ಈ ಪೇಚಿನಿಂದ ಪಾರಾಗಿವೆ.

ಸಿಆರ್‌ಎಸಿ ಆದ 10 ದಿನದಲ್ಲಿ ಹಣ ಬರಬೇಕು. ಮಾರಾಟಗಾರರು ತಯಾರಕ ಎಂಎಸ್‌ಇ ಆಗಿದ್ದರೆ 2006ರ ಎಂಎಸ್‌ಎಂಇಡಿ ಕಾಯ್ದೆಯ 45 ದಿನದ ಮಿತಿಯೂ ಇದೆ. ದಾಟಿದರೆ ಬ್ಯಾಂಕ್ ದರದ ಮೂರು ಪಟ್ಟು, ತಿಂಗಳ ಚಕ್ರಬಡ್ಡಿ. ಎಂಎಸ್‌ಎಂಇ ಸಚಿವಾಲಯದ ತಾಣದಲ್ಲಿ ದೂರು ಹಾಕಬಹುದು. ಖರೀದಿ ಎಷ್ಟು ಪಾರದರ್ಶಕವಾದರೂ ಹಣ ಬಿಡುಗಡೆ ಬೇರೆಯ ಮೇಜಿನ ಮೇಲಿದೆ, ಆ ಮೇಜಿಗೆ ಜೆಮ್‌ನ ಗಡಿಯಾರ ಅಷ್ಟಾಗಿ ಕೇಳಿಸುವುದಿಲ್ಲ.

ಮಾನವ ಸಂಪನ್ಮೂಲ ಬಿಡ್: ಇಲ್ಲಿ ಪೂರ್ತಿ ಒಂದು ಅಂಕ ಕಟ್

ಹೊರಗುತ್ತಿಗೆ ಸಿಬ್ಬಂದಿ ಸೇವೆಯಲ್ಲಿ ಸ್ಪರ್ಧೆಯೇ ಸತ್ತಿದೆ. ಕನಿಷ್ಠ ವೇತನ, ಪಿಎಫ್, ಇಎಸ್‌ಐ ಎಲ್ಲ ನಿಗದಿ. ಬಿಡ್ಡರು ಹಾಕಬೇಕಾದದ್ದು ಸೇವಾ ಶುಲ್ಕ ಮಾತ್ರ, ಅದಕ್ಕೂ ಶೇ 3.85 ಎಂಬ ತಳ. ಶೂನ್ಯ ಶುಲ್ಕ ಹಾಕಿ ಕಾರ್ಮಿಕರ ಪಿಎಫ್ ನುಂಗುವುದನ್ನು ತಡೆಯಲು ತಳ ಬೇಕಿತ್ತು, ಒಪ್ಪೋಣ. ಆದರೆ ಫಲವೇನು? ಎಲ್ಲರೂ 3.85. ಎಲ್ಲರೂ ಎಲ್-1. ಆಮೇಲೆ ತಾಣ ಒಬ್ಬರನ್ನು ಆರಿಸಿಕೊಡುತ್ತದೆ. ಹೀಗಿರುವಾಗ ಆಟವೆಲ್ಲ ಅರ್ಹತಾ ಶರತ್ತಿಗೆ ಹೋಗುತ್ತದೆ: ಇಷ್ಟೇ ಕೋಟಿ ವಹಿವಾಟು, ಇಂಥದೇ ಬಗೆಯ ಕಚೇರಿಯ ಅನುಭವ. ಗುಣಮಟ್ಟ ಮತ್ತು ವೆಚ್ಚ ಎರಡಕ್ಕೂ ಅಂಕ ಕೊಡುವ ವಿಧಾನವನ್ನು ಯೋಚಿಸಿ ಬಳಸಿದರೆ ಸ್ವಲ್ಪ ಪರಿಹಾರವಿದೆ. ಅಂಕಪಟ್ಟಿಯನ್ನು ಒಂದು ಏಜೆನ್ಸಿಯ ಮೈಗೆ ಅಳತೆ ತೆಗೆದು ಹೊಲಿದರೆ ಅದೂ ಇಲ್ಲ.

ಮೇಲ್ಮನವಿಯ ವಿಷಯದಲ್ಲಿ ನಮ್ಮ ರಾಜ್ಯದ ವ್ಯವಸ್ಥೆ ಒಂದು ಹೆಜ್ಜೆ ಮುಂದಿದೆ. ಕೆಟಿಪಿಪಿ ಶಾಸನ, ಅದರ 16ನೇ ಪ್ರಕರಣದಡಿ ನೊಂದ ಬಿಡ್ಡರು 30 ದಿನದೊಳಗೆ ಮೇಲ್ಮನವಿ ಹಾಕಬಹುದು. ಜಿಎಫ್‌ಆರ್ ಆಡಳಿತಾತ್ಮಕ ಸೂಚನೆ, ಶಾಸನವಲ್ಲ. ಜೆಮ್‌ನ ಕಿಂಡಿಯಲ್ಲಿ ಹಾಕಿದ ಆಕ್ಷೇಪಣೆಗೆ ಉತ್ತರಿಸುವುದು ಶರತ್ತು ಬರೆದ ಅದೇ ಖರೀದಿದಾರರು. ಹಾಗೆಂದು ಕೆಟಿಪಿಪಿಯನ್ನು ಹೊಗಳಿ ಅಟ್ಟಕ್ಕೇರಿಸಬೇಕಿಲ್ಲ, ಅದರಲ್ಲಿ 4(ಜಿ) ಎಂಬ ದೊಡ್ಡ ಬಾಗಿಲಿದೆ. ಸರ್ಕಾರ ಅಧಿಸೂಚನೆ ಹೊರಡಿಸಿ ಟೆಂಡರಿಲ್ಲದೆ ಕೊಳ್ಳಲು ವಿನಾಯಿತಿ ಕೊಡಬಹುದು, ಆ ಬಾಗಿಲು ಪದೇ ಪದೇ ತೆರೆದ ಸದ್ದು ವಿಧಾನಮಂಡಲದಲ್ಲೂ ಕೇಳಿದೆ.

ಕೊನೆಯದಾಗಿ ಭಾಷೆ. ಜೆಮ್‌ನ ಬಿಡ್ ದಾಖಲೆ ಬರುವುದು ಹಿಂದಿ ಮತ್ತು ಇಂಗ್ಲಿಷ್‌ನಲ್ಲಿ. ಕನ್ನಡದಲ್ಲೇ ವ್ಯವಹರಿಸುವ ಸಣ್ಣ ತಯಾರಕರಿಗೆ ಅದನ್ನು ಮೊದಲ ಪುಟದಿಂದ ಓದುತ್ತ ಹೋದರೆ ಐದನೇ ಪುಟಕ್ಕೆ ತಲೆ ಕೆಡುತ್ತದೆ. ಹಿಂದಿನಿಂದ ಓದಿ. ಮೊದಲು ಎಟಿಸಿ ಪಿಡಿಎಫ್ ಮತ್ತು ಕೊನೆಯ ಪುಟದ ಅನೂರ್ಜಿತ ಪಟ್ಟಿ, ಪಕ್ಕಪಕ್ಕ ಇಟ್ಟುಕೊಂಡು. ಆಮೇಲೆ ಕನ್ಸೈನಿ ಪಟ್ಟಿ: 160 ಕುರ್ಚಿ ಒಂದೇ ಊರಿಗೋ, ಎಂಟು ಊರಿಗೆ ಇಪ್ಪತ್ತಿಪ್ಪತ್ತೋ, ಸಾಗಣೆ ಖರ್ಚು ನಿರ್ಧಾರವಾಗುವುದು ಅಲ್ಲಿ. ನಂತರ ವಹಿವಾಟು, ಅನುಭವ, ವಿನಾಯಿತಿಯ ಸಾಲುಗಳು, ಇಎಂಡಿ, ಸ್ಪಷ್ಟನೆಗೆ ಕೊಟ್ಟ ದಿನ. ಪ್ರಕಟವಾದ ದಿನದಿಂದ ನಾಲ್ಕನೇ ದಿನ ಯಾವುದು ಎಂದು ಗೋಡೆಯ ಕ್ಯಾಲೆಂಡರಿನಲ್ಲಿ ಸುತ್ತು ಹಾಕಿ, ದರದ ಲೆಕ್ಕಕ್ಕೆ ಕೂರುವುದು ಆಮೇಲೆ.